ಪೀಣ್ಯದ ಶೆಡ್ಡು, ವೈಟ್‌ಫೀಲ್ಡಿನ ಪೇಟೆಂಟು: ನಾವೀನ್ಯ ನೀತಿಗೆ ಬೇಕಾದ ಪುರಾವೆ

ಯಾವ ಉದ್ಯಮಕ್ಕೆ ಜಮೀನು ಕೊಡಬೇಕು, ಯಾವ ಯಂತ್ರದ ಖರೀದಿಗೆ ಸಹಾಯಧನ ಸಲ್ಲಬೇಕು, ಯಾವ ಪ್ರಯೋಗಾಲಯದ ಅನುದಾನ ಮುಂದುವರಿಯಬೇಕು, ಯಾವ ರಾಸಾಯನಿಕಕ್ಕೆ ಕಡಿವಾಣ ಬೀಳಬೇಕು ಎಂಬ ತೀರ್ಮಾನಗಳನ್ನು ಸರ್ಕಾರಗಳು ಸದಾ ಕೈಗೊಳ್ಳುತ್ತಿರುತ್ತವೆ. ಹೊಸ ತಂತ್ರಜ್ಞಾನ ಹುಟ್ಟುವುದೂ ಹರಡುವುದೂ ಬಹುಮಟ್ಟಿಗೆ ಇವುಗಳನ್ನು ಅವಲಂಬಿಸಿರುವುದರಿಂದ ಇವೆಲ್ಲ ಸೇರಿ ನಾವೀನ್ಯ ನೀತಿ ಎನಿಸಿಕೊಳ್ಳುತ್ತವೆ. ಈ ತೀರ್ಮಾನಗಳ ಹಿಂದೆ ಅಳತೆ, ಸಮೀಕ್ಷೆ, ಹೋಲಿಕೆ, ಪ್ರಯೋಗಗಳಿಂದ ಬಂದ ಪುರಾವೆ ಇರಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ತೊಡಕು ಇರುವುದು ಆಮೇಲೆ: ಯಾವುದರ ಪುರಾವೆ, ಯಾರು ಕಲೆಹಾಕಿದ್ದು, ಯಾರ ಮೇಜಿಗೆ ತಲುಪಿದ್ದು? ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸಲೀಸಾಗಿ ಸಿಗುವುದಿಲ್ಲ. ಅಲ್ಲಿ ಉದ್ಯಮಗಳ ಪೈಕಿ ಬಹುಪಾಲು ತೀರ ಸಣ್ಣವು. ಅವು ಮಾಡುವ ಹೊಸ ಕೆಲಸ ಕಾಗದದ ಮೇಲೆ ಗುರುತು ಬಿಡುವುದಿಲ್ಲ. ಅಳೆಯುವ ಮಾನದಂಡಗಳೋ, ಬೇರೆ ಬಗೆಯ ಆರ್ಥಿಕತೆಗೆಂದು ರೂಪುಗೊಂಡಂಥವು.

ಬೆಂಗಳೂರಿನ ಹೊರವಲಯ ಈ ವಿಷಯದ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜಾಗ. ವಾಯವ್ಯದಲ್ಲಿ ತುಮಕೂರು ರಸ್ತೆಯ ಪೀಣ್ಯ, ದಕ್ಷಿಣದಲ್ಲಿ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ, ಪೂರ್ವದಲ್ಲಿ ವೈಟ್‌ಫೀಲ್ಡ್. ಮೂರೂ ಸರ್ಕಾರದ ತೀರ್ಮಾನದಿಂದಲೇ ಇಂದಿನ ರೂಪ ಪಡೆದವು. ಆದರೆ ಮೂರರಲ್ಲಿ ನಡೆಯುವ ನಾವೀನ್ಯದ ಬಗೆ ಬೇರೆ, ಅದನ್ನು ಹಿಡಿಯಬಲ್ಲ ಅಳತೆಗೋಲೂ ಬೇರೆ.

ಪೀಣ್ಯದಲ್ಲಿ ಇಂದು ಲೇತ್, ಗ್ರೈಂಡಿಂಗ್, ಪ್ಲೇಟಿಂಗ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್, ಮೆಷಿನ್ ಟೂಲ್ ತಯಾರಿಕೆ ಎಲ್ಲ ಒಂದರ ಪಕ್ಕ ಒಂದು ನಿಂತಿವೆ. 1970ರ ದಶಕದ ಆರಂಭದಲ್ಲಿ ಅಲ್ಲಿ ಇದ್ದದ್ದು ಹೊಸದಾಗಿ ಎದ್ದ ಕೆಲವು ಕೈಗಾರಿಕಾ ಶೆಡ್‌ಗಳು. ಉಡುಪಿ ಸಮೀಪದ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದ ತಂಡ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಅಂಥ ಕಲ್ನಾರು ಛಾವಣಿಯ ಶೆಡ್‌ಗಳಲ್ಲೇ. ಸುಮಾರು 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪೂಸ್ತಿನ್ ಯಾರ್ ನೆಲೆಯಿಂದ ಮೇಲೇರಿತು. ಬಾಹ್ಯಾಕಾಶ ಸಂಸ್ಥೆ ಪೀಣ್ಯವನ್ನು ಬಿಟ್ಟು ಹೋಗಲೂ ಇಲ್ಲ. ಉಪಗ್ರಹಗಳ ಜಾಡು ಹಿಡಿಯುವ ಇಸ್ಟ್ರಾಕ್ ಇಂದಿಗೂ ಅಲ್ಲಿದೆ. ಅದೇ ತುಮಕೂರು ರಸ್ತೆಯಲ್ಲಿ, ಯಂತ್ರೋಪಕರಣಗಳ ವಿನ್ಯಾಸಕ್ಕೆಂದು ಚೆಕೊಸ್ಲೊವಾಕಿಯಾದ ನೆರವಿನಿಂದ 1962ರಲ್ಲಿ ಸ್ಥಾಪನೆಯಾದ ಸಿಎಂಟಿಐ ಇದೆ. ಶೆಡ್ಡು ಮೊದಲೋ ಸಂಶೋಧನಾ ಸಂಸ್ಥೆ ಮೊದಲೋ ಎಂದು ಕೇಳಿದರೆ ಇಲ್ಲಿ ಉತ್ತರ ಸ್ಪಷ್ಟ: ಸಂಸ್ಥೆ ಮೊದಲು ಬಂತು, ಶೆಡ್‌ಗಳು ಅದರ ಅಕ್ಕಪಕ್ಕ ಬೆಳೆದವು. ಆದರೆ ನೆರೆಹೊರೆಯಾದ ಮಾತ್ರಕ್ಕೆ ಒಡನಾಟ ಬೆಳೆಯುತ್ತದೆ ಎಂದೇನೂ ಇಲ್ಲ.

ಎಲೆಕ್ಟ್ರಾನಿಕ್ ಸಿಟಿ ಒಬ್ಬ ವ್ಯಕ್ತಿಯ ದೂರದೃಷ್ಟಿಯ ಫಲ. 1976ರಲ್ಲಿ ಸ್ಥಾಪನೆಯಾದ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಊರು ಕಟ್ಟಲು 1978ರಲ್ಲಿ ಹೊರಟರು. ಬೆಂಗಳೂರು ಸಿಲಿಕಾನ್ ವ್ಯಾಲಿಯಂತಾಗಬೇಕೆಂಬುದು ಅವರ ಮಾತು. ಇಂದಿನ ಅರ್ಥದ ಪುರಾವೆ ಎಂಬುದು ಆ ತೀರ್ಮಾನದ ಹಿಂದೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅವರು ಎಣಿಸಿದ್ದು ಎಲೆಕ್ಟ್ರಾನಿಕ್ಸ್ ತಯಾರಿಕೆ. ಆ ನೆಲದಲ್ಲಿ ಬೆಳೆದದ್ದು ಸಾಫ್ಟ್‌ವೇರ್. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ವಿನ್ಯಾಸದ ಕೆಲಸವನ್ನು ಹೊರದೇಶಕ್ಕೆ ಕಳಿಸತೊಡಗಿದ್ದು, 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ವ್ಯವಸ್ಥೆ ಬಂದದ್ದು ಈ ತಿರುವಿಗೆ ಕಾರಣ. ನೀತಿಯೊಂದು ಗೆದ್ದಿತು ಎನ್ನುವುದಕ್ಕೂ ನೀತಿಯ ಊಹೆ ಸರಿಯಿತ್ತು ಎನ್ನುವುದಕ್ಕೂ ಅಂತರವಿದೆ ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಕಡಿಮೆ.

1882ರಲ್ಲಿ ಯುರೇಷಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ ಕೈಗಾರಿಕೆಗೆ ತೆರೆದುಕೊಂಡದ್ದು ತಡವಾಗಿ. ಸಿಂಗಪುರದ ಕಂಪನಿಗಳು, ಟಾಟಾ ಸಮೂಹ ಮತ್ತು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1994ರಲ್ಲಿ ಜಂಟಿಯಾಗಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕಿನ ಯೋಜನೆಗೆ ಕೈಹಾಕಿದವು. 2000ದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ಅಲ್ಲಿ ಬಾಗಿಲು ತೆರೆಯಿತು. ವಿಮಾನದ ಎಂಜಿನ್, ಟರ್ಬೈನ್, ವೈದ್ಯಕೀಯ ಸ್ಕ್ಯಾನರ್‌ಗಳ ಮೇಲಿನ ಸಂಶೋಧನೆ ವೈಟ್‌ಫೀಲ್ಡಿಗೆ ಹೊಂದಿಕೊಂಡ ಹೂಡಿಯ ಆಸುಪಾಸಿನಲ್ಲಿ ನಡೆಯುವಂತಾಯಿತು.

ಈ ಮೂರು ಕಡೆ ನಡೆಯುವುದನ್ನು ಅಂಕಿಅಂಶಗಳು ಹೇಗೆ ಕಾಣುತ್ತವೆ? ಸಂಶೋಧನಾ ವೆಚ್ಚವನ್ನು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಪದ್ಧತಿ 1963ರ ಫ್ರಾಸ್ಕಾಟಿ ಕೈಪಿಡಿಯಿಂದ ಬಂದದ್ದು. ಅದರ ಪ್ರಕಾರ 2020–21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ. 0.64. ದಕ್ಷಿಣ ಕೊರಿಯದ ವೆಚ್ಚ ಶೇ. 4.5ಕ್ಕೂ ಹೆಚ್ಚು. ಭಾಷಣಗಳಲ್ಲಿ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಮಾತು ಮುಗಿಸುವ ರೂಢಿಯಿದೆ. ಆದರೆ ಸಂಖ್ಯೆ ಎಲ್ಲಿಂದ ಬಂತೆಂದು ನೋಡಿದರೆ ಅದರ ಮಿತಿ ತಿಳಿಯುತ್ತದೆ. ಖಾಸಗಿ ವಲಯದ ಲೆಕ್ಕ ಬಹುಪಾಲು ಬರುವುದು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಮಾನ್ಯತೆ ಪಡೆದ ಆಂತರಿಕ ಸಂಶೋಧನಾ ಘಟಕಗಳಿಂದ. ಮಾನ್ಯತೆ ಬೇಕಾದರೆ ಪ್ರತ್ಯೇಕ ವಿಭಾಗ, ಪ್ರತ್ಯೇಕ ಸಿಬ್ಬಂದಿ, ಪ್ರತ್ಯೇಕ ಲೆಕ್ಕಪತ್ರ ಇರಬೇಕು. ಹತ್ತು ಹನ್ನೆರಡು ಜನ ದುಡಿಯುವ ಜಾಬ್‌ವರ್ಕ್ ಶೆಡ್ಡಿನಲ್ಲಿ ಇವು ಮೂರೂ ಇರುವುದಿಲ್ಲ.

ವೈಟ್‌ಫೀಲ್ಡಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಎಂಜಿನಿಯರ್ ರೂಪಿಸಿದ ಬಿಡಿಭಾಗಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಗುತ್ತದೆ, ಪೇಟೆಂಟಿನ ಒಡೆತನ ಮಾತೃಸಂಸ್ಥೆಗೆ ಹೋಗುತ್ತದೆ, ಸಂಶೋಧಕರ ವಿಳಾಸದ ಜಾಗದಲ್ಲಿ ಮಾತ್ರ ಬೆಂಗಳೂರು ಎಂದಿರುತ್ತದೆ. ಭಾರತದ ಲೆಕ್ಕದಲ್ಲಿ ಅದೇ ಕೆಲಸ ಅನೇಕ ವೇಳೆ ಸೇವಾ ರಫ್ತು ಎಂದು ನಮೂದಾಗುತ್ತದೆ. ಸಂಶೋಧನಾ ವೆಚ್ಚದ ಪಟ್ಟಿಯಲ್ಲಿ ಅದು ಪೂರ್ತಿಯಾಗಿ ಕಾಣಿಸಿಕೊಳ್ಳದಿರಬಹುದು. ಅಂದರೆ ವೈಟ್‌ಫೀಲ್ಡಿನ ನಾವೀನ್ಯ ತಪ್ಪು ಕಾಲಮ್ಮಿನಲ್ಲಾದರೂ ಬೀಳುತ್ತದೆ. ಪೀಣ್ಯದ್ದು ಯಾವ ಕಾಲಮ್ಮಿನಲ್ಲೂ ಬೀಳುವುದಿಲ್ಲ. ನೀತಿ ರೂಪಿಸುವವರ ಕಣ್ಣು ಸಹಜವಾಗಿಯೇ ಕಾಗದದ ಗುರುತು ಇರುವ ಕಡೆ ಹರಿಯುತ್ತದೆ.

ಪೀಣ್ಯದಲ್ಲಿ ಕಾಗದ ತಪ್ಪಿಸಿಕೊಳ್ಳುವುದು ಹೇಗೆಂದು ಹತ್ತಿರದಿಂದ ನೋಡಬಹುದು. ಎರಕ ಹೊಯ್ದ ಒಂದು ಭಾಗದ ಎರಡು ಮುಖಗಳಲ್ಲಿ ರಂಧ್ರ ಕೊರೆಯಬೇಕಿದೆ ಎನ್ನೋಣ. ಒಂದು ಮುಖ ಮುಗಿದ ಮೇಲೆ ಆಪರೇಟರ್ ಅದನ್ನು ಬಿಚ್ಚಿ, ತಿರುಗಿಸಿ, ಮತ್ತೆ ಕ್ಲ್ಯಾಂಪ್ ಮಾಡಿ, ಡಯಲ್ ಇಟ್ಟು ಸೊನ್ನೆಗೆ ತರಬೇಕು. ಶೆಡ್ಡಿನ ಮಾತಿನಲ್ಲಿ ಇದು ಎರಡನೇ ಸೆಟ್ಟಿಂಗ್. ಪ್ರತಿ ಸಲ ಬಿಚ್ಚಿ ಕಟ್ಟುವಾಗಲೂ ಕೆಲವು ಮೈಕ್ರಾನ್ ಆಚೀಚೆ ಆಗುತ್ತದೆ. ಎರಡು ರಂಧ್ರಗಳ ನಡುವಿನ ಅಳತೆ ಡ್ರಾಯಿಂಗ್‌ನಲ್ಲಿ ಹೇಳಿದ ಮಿತಿ ದಾಟಿದರೆ ಮಾಲು ರಿಜೆಕ್ಟ್. ಟೂಲ್‌ರೂಮಿನಲ್ಲಿ ಪಳಗಿದ ಫಿಟ್ಟರ್ ಒಬ್ಬ ಭಾಗವನ್ನು ಒಮ್ಮೆ ಕಟ್ಟಿದರೆ ತಾನಾಗಿ ತೊಂಬತ್ತು ಡಿಗ್ರಿ ತಿರುಗಿ ನಿಲ್ಲುವಂಥ ಫಿಕ್ಸ್ಚರ್ ಮಾಡಿ ಕೊಡುತ್ತಾನೆ. ಎರಡನೇ ಸೆಟ್ಟಿಂಗ್ ಇಲ್ಲವಾಗುತ್ತದೆ, ಸಮಯ ಉಳಿಯುತ್ತದೆ, ರಿಜೆಕ್ಷನ್ ಇಳಿಯುತ್ತದೆ. ಇದರ ಖರ್ಚು ಲೆಕ್ಕದ ಪುಸ್ತಕದಲ್ಲಿ ‘ಟೂಲಿಂಗ್’ ಎಂದು ದಾಖಲಾಗುತ್ತದೆ. ಪೇಟೆಂಟ್ ಅರ್ಜಿಯ ಮಾತೇ ಇಲ್ಲ. ಮುಂದಿನ ವರ್ಷ ಆರ್ಡರ್ ಕೊಡುವಾಗ ಗ್ರಾಹಕ ಕಂಪನಿ ಉಳಿದ ಸಮಯವನ್ನು ಲೆಕ್ಕ ಹಾಕಿ ದರ ಇಳಿಸಿ ಎನ್ನುತ್ತದೆ. ಹೊಸತನದ ಲಾಭ ಶೆಡ್ಡಿನಲ್ಲಿ ಎಷ್ಟು ಕಾಲ ಉಳಿಯಿತು ಎಂಬುದು ನೀತಿಗೆ ತೀರ ಬೇಕಾದ ಸಂಗತಿ. ಯಾವ ವಾರ್ಷಿಕ ವರದಿಯೂ ಅದನ್ನು ಹೇಳುವುದಿಲ್ಲ.

ಈ ಕೊರತೆ ಭಾರತಕ್ಕೆ ಮಾತ್ರ ಸೀಮಿತವಲ್ಲ. 1992ರಲ್ಲಿ ಬಂದ ಓಸ್ಲೊ ಕೈಪಿಡಿ ಸಂಶೋಧನಾ ವೆಚ್ಚವನ್ನು ಬಿಟ್ಟು ನಾವೀನ್ಯವನ್ನೇ ನೇರವಾಗಿ ಕೇಳುವ ಸಮೀಕ್ಷೆಗೆ ದಾರಿ ಮಾಡಿತು. ಆದರೆ ಅದೂ ಯುರೋಪಿನ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು. ಹಳೆಯ ಯಂತ್ರ ಕೊಂಡು ಅದನ್ನು ಪಳಗಿಸುವುದು, ವಿನ್ಯಾಸ ನೋಡಿ ಅನುಕರಿಸಿ ಕಲಿಯುವುದು ತಮ್ಮಲ್ಲಿ ನಾವೀನ್ಯದ ಮುಖ್ಯ ದಾರಿ ಎಂದು ಕಂಡುಕೊಂಡ ಲ್ಯಾಟಿನ್ ಅಮೆರಿಕದ ತಜ್ಞರು 2001ರಲ್ಲಿ ಬೊಗೊಟಾ ಕೈಪಿಡಿಯನ್ನು ತಂದರು. ಅಭಿವೃದ್ಧಿಶೀಲ ದೇಶಗಳಿಗೆಂದೇ ಒಂದು ಅನುಬಂಧ ಓಸ್ಲೊ ಕೈಪಿಡಿಗೆ ಸೇರಿದ್ದು 2005ರ ಮೂರನೇ ಆವೃತ್ತಿಯಲ್ಲಿ.

ಭಾರತದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ವಿಶ್ವಸಂಸ್ಥೆಯ ಕೈಗಾರಿಕಾಭಿವೃದ್ಧಿ ಸಂಸ್ಥೆಯೊಡನೆ 2021–22ರಲ್ಲಿ ನಡೆಸಿದ ರಾಷ್ಟ್ರೀಯ ತಯಾರಿಕಾ ನಾವೀನ್ಯ ಸಮೀಕ್ಷೆ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಎಂಟು ಸಾವಿರಕ್ಕೂ ಹೆಚ್ಚು ಉದ್ಯಮಗಳನ್ನು ಕೇಳಿದಾಗ, ಸಮೀಕ್ಷೆಯ ಅವಧಿಯಲ್ಲಿ ನಾವೀನ್ಯ ಸಾಧಿಸಿದ್ದೇವೆ ಎಂದವು ನಾಲ್ಕರಲ್ಲಿ ಒಂದು. ರಾಜ್ಯಗಳ ಒಟ್ಟಾರೆ ಸೂಚ್ಯಂಕದಲ್ಲಿ ಕರ್ನಾಟಕ ಮೊದಲ ಸ್ಥಾನದಲ್ಲಿತ್ತು. ಆದರೆ ನಾವೀನ್ಯ ಸಾಧಿಸಿದ ಉದ್ಯಮಗಳ ಪ್ರಮಾಣವನ್ನಷ್ಟೇ ನೋಡಿದರೆ ತೆಲಂಗಾಣ ಮುಂದೆ, ಸುಮಾರು ಶೇ. 39ರೊಂದಿಗೆ ಕರ್ನಾಟಕ ಅದರ ಹಿಂದೆ. ಒಂದೇ ಸಮೀಕ್ಷೆಯಿಂದ ಎರಡು ಬಗೆಯ ಪಟ್ಟಿ ಹೊರಬಂದದ್ದು ತಪ್ಪಲ್ಲ. ಪ್ರಶ್ನೆ ಬೇರೆ, ಹಾಗಾಗಿ ಉತ್ತರವೂ ಬೇರೆ. ಪತ್ರಿಕಾ ಪ್ರಕಟಣೆಗಳು ತಮಗೆ ಒಪ್ಪುವ ಪಟ್ಟಿಯನ್ನು ಆರಿಸಿಕೊಳ್ಳುತ್ತವೆ ಎಂಬುದು ಬೇರೆ ಮಾತು. ಸಮೀಕ್ಷೆಯ ಹೆಚ್ಚು ಉಪಯುಕ್ತ ಭಾಗ ಶ್ರೇಯಾಂಕವಲ್ಲ, ಅಡ್ಡಿಗಳ ಪಟ್ಟಿ. ಸ್ವಂತ ಹಣದ ಕೊರತೆ, ನಾವೀನ್ಯಕ್ಕೆ ತಗಲುವ ದುಬಾರಿ ವೆಚ್ಚ, ಹೊರಗಿನ ಸಾಲ ಸಿಗದಿರುವುದು ಇವೇ ಮುಖ್ಯ ಅಡ್ಡಿ ಎಂದು ಉದ್ಯಮಗಳು ಹೇಳಿದವು. ನೀತಿ ಆಯೋಗದ ಭಾರತ ನಾವೀನ್ಯ ಸೂಚ್ಯಂಕದಲ್ಲಿ 2019ರಿಂದ ಸತತ ಮೂರು ಬಾರಿ ಕರ್ನಾಟಕ ದೊಡ್ಡ ರಾಜ್ಯಗಳ ಸಾಲಿನಲ್ಲಿ ಮೊದಲು ಬಂದಿದೆ. ವಿದೇಶಿ ಹೂಡಿಕೆ, ಪೇಟೆಂಟ್, ಸ್ಟಾರ್ಟ್‌ಅಪ್‌ಗಳಂಥ ಅಂಶಗಳಿಗೆ ಅದರಲ್ಲಿ ತೂಕ ಇರುವುದರಿಂದ ಆ ಅಂಕವನ್ನು ಗಳಿಸಿಕೊಡುವುದರಲ್ಲಿ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಪಾಲು ದೊಡ್ಡದು. ಪೀಣ್ಯಕ್ಕೆ ಏನು ಬೇಕು ಎಂಬುದನ್ನು ಆ ಅಂಕ ತಿಳಿಸುವುದಿಲ್ಲ.

ಪೀಣ್ಯದಂಥ ಕಡೆಗಳ ಬಗ್ಗೆ ಪುರಾವೆಯೇ ಇಲ್ಲ ಎಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮ್ಯಾನೇಜ್‌ಮೆಂಟ್ ಅಧ್ಯಯನ ವಿಭಾಗದ ಎಂ.ಎಚ್. ಬಾಲಸುಬ್ರಹ್ಮಣ್ಯ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ವಾಹನ ಬಿಡಿಭಾಗ, ಎಲೆಕ್ಟ್ರಾನಿಕ್ಸ್, ಮೆಷಿನ್ ಟೂಲ್ ವಲಯದ ಸಣ್ಣ ಮತ್ತು ಮಧ್ಯಮ ಉದ್ಯಮಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರ ಬರಹಗಳಿಂದ ತಿಳಿದುಬರುವುದು ಇಷ್ಟು: ಈ ಉದ್ಯಮಗಳ ನಾವೀನ್ಯ ಬಹುಪಾಲು ಹಂತಹಂತದ ಸುಧಾರಣೆ; ಅದರ ಪ್ರೇರಣೆ ಮಾಲೀಕರ ತಾಂತ್ರಿಕ ಸಾಮರ್ಥ್ಯದಿಂದ ಮತ್ತು ಗ್ರಾಹಕರ ಬೇಡಿಕೆಯಿಂದ ಬರುತ್ತದೆ; ನಾವೀನ್ಯಕ್ಕೆ ಕೈಹಾಕಿದ ಉದ್ಯಮಗಳ ವಹಿವಾಟು ಉಳಿದವಕ್ಕಿಂತ ವೇಗವಾಗಿ ಬೆಳೆಯುತ್ತದೆ. ಇದನ್ನು ನಂಬಿದರೆ ನೀತಿಯ ಒತ್ತು ಬೇರೆ ಕಡೆ ಹೋಗಬೇಕಾಗುತ್ತದೆ. ಪೇಟೆಂಟ್ ಶುಲ್ಕ ಮನ್ನಾ ಮಾಡುವುದಕ್ಕಿಂತ ಮೂರು ಆಯಾಮಗಳಲ್ಲಿ ಅಳೆಯುವ ಸಿಎಂಎಂ ಯಂತ್ರವನ್ನು ಬಾಡಿಗೆಗೆ ಒದಗಿಸುವ ಸಾಮಾನ್ಯ ಸೌಲಭ್ಯ ಕೇಂದ್ರ, ಟೂಲ್‌ರೂಮ್ ತರಬೇತಿ, ದೊಡ್ಡ ಗ್ರಾಹಕರು ಬಿಲ್ಲನ್ನು ಸಕಾಲದಲ್ಲಿ ಪಾವತಿಸುವಂತೆ ಮಾಡುವುದು, ಇವು ಹೆಚ್ಚು ಫಲ ಕೊಡಬಹುದು. ಕೊನೆಯದು ನಾವೀನ್ಯ ನೀತಿಯ ದಾಖಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಸ್ವಂತ ಹಣದ ಕೊರತೆಯೇ ಮೊದಲ ಅಡ್ಡಿ ಎಂದಾದರೆ, ತಿಂಗಳುಗಟ್ಟಲೆ ಸಿಕ್ಕಿಕೊಂಡ ಬಾಕಿ ಬಿಲ್ಲೇ ಹೊಸ ಯಂತ್ರಕ್ಕೆ ಕಟ್ಟಬೇಕಿದ್ದ ಮುಂಗಡ.

ಸಮೀಕ್ಷೆ ಏನಿದೆ ಎಂದು ಹೇಳುತ್ತದೆ. ಬದಲಿಸಿದರೆ ಏನಾಗುತ್ತದೆ ಎಂದು ಹೇಳಬೇಕಾದರೆ ಹೋಲಿಕೆ ಬೇಕು. ಅಂಥ ಹೋಲಿಕೆಗಳಲ್ಲಿ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಒಂದೆರಡು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ನಡೆದಿವೆ. ಅಚ್ಯುತ ಅಧ್ವರ್ಯು ಮತ್ತು ಸಹಲೇಖಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ದೀಪ. ಹೊಲಿಗೆ ಯಂತ್ರದ ಸೂಜಿಯ ಬಳಿ ಉರಿಯುತ್ತಿದ್ದ ಟ್ಯೂಬ್‌ಲೈಟ್ ಬಗೆಯ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದಿತು. ಎಲ್ಲ ಕಾರ್ಖಾನೆಗಳಲ್ಲಿ ಒಂದೇ ದಿನ ಬದಲಾಯಿಸಲಿಲ್ಲ. ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಆಮೇಲೆ. ಹೀಗಾಗಿ ದಿನದಿನದ ಉತ್ಪಾದನೆಯ ಲೆಕ್ಕವನ್ನು ಹವಾಮಾನದ ಲೆಕ್ಕದೊಡನೆ ಇಟ್ಟು ನೋಡಲು ಸಾಧ್ಯವಾಯಿತು. ಸೆಕೆ ಏರಿದ ದಿನಗಳಲ್ಲಿ ಹೊಲಿಯುವವರ ಉತ್ಪಾದನೆ ಕುಸಿಯುತ್ತಿತ್ತು. ಎಲ್‌ಇಡಿ ಕಡಿಮೆ ಶಾಖ ಸೂಸುವುದರಿಂದ ಆ ಕುಸಿತ ಬಹಳಷ್ಟು ತಗ್ಗಿತು. ಸರಾಸರಿ ಕಾರ್ಖಾನೆಯೊಂದಕ್ಕೆ ವಿದ್ಯುತ್ ಉಳಿತಾಯದಿಂದ ಸುಮಾರು 2,880 ಡಾಲರ್, ಉತ್ಪಾದನೆ ಹೆಚ್ಚಿದ್ದರಿಂದ ಸುಮಾರು 7,500 ಡಾಲರ್ ಲಾಭ ಎಂದು ಅವರು ಅಂದಾಜು ಮಾಡಿದರು. ವಿದ್ಯುತ್ ಬಿಲ್ಲನ್ನಷ್ಟೇ ನೋಡಿ ಎಲ್‌ಇಡಿಯ ಲಾಭ ಲೆಕ್ಕ ಹಾಕುವ ಯಾವ ಯೋಜನೆಯೂ ಅದರ ನಿಜವಾದ ಫಲದ ಸುಮಾರು ಮುಕ್ಕಾಲು ಪಾಲನ್ನು ಬಿಟ್ಟುಬಿಡುತ್ತದೆ ಎಂದಾಯಿತು. ತಂತ್ರಜ್ಞಾನದ ಪ್ರಯೋಜನ ಅದು ಹುಟ್ಟಿದ ದೇಶದಲ್ಲಿ ಒಂದು ಬಗೆ, ಹವಾನಿಯಂತ್ರಣವಿಲ್ಲದ ಬೆಂಗಳೂರಿನ ಹೊಲಿಗೆ ಹಾಲಿನಲ್ಲಿ ಇನ್ನೊಂದು ಬಗೆ. ಹೊರದೇಶದ ಅಂಕಿಯನ್ನು ಎರವಲು ತಂದಿದ್ದರೆ ಇದು ಸಿಕ್ಕುತ್ತಿರಲಿಲ್ಲ.

ಇದೇ ಸಂಶೋಧಕರ ಬಳಗ ಬೆಂಗಳೂರಿನ ಐದು ಗಾರ್ಮೆಂಟ್ಸ್ ಘಟಕಗಳಲ್ಲಿ ಮಹಿಳಾ ಕಾರ್ಮಿಕರಿಗೆ ಸಂವಹನ, ಸಮಯ ನಿರ್ವಹಣೆಯಂಥ ವಿಷಯಗಳಲ್ಲಿ ನೀಡಿದ ತರಬೇತಿಯನ್ನೂ ಪರೀಕ್ಷಿಸಿತು. ತರಬೇತಿಗೆ ಹೆಸರು ಕೊಟ್ಟವರ ಪೈಕಿ ಯಾರಿಗೆ ಅದು ಸಿಗಬೇಕೆಂದು ಚೀಟಿ ಎತ್ತಿ ನಿರ್ಧರಿಸಲಾಗಿತ್ತು. ತರಬೇತಿ ಪಡೆದವರ ಉತ್ಪಾದಕತೆ ಗಣನೀಯವಾಗಿ ಏರಿತು. ಕಂಪನಿಗೆ ಹಾಕಿದ ಹಣದ ಎರಡು ಪಟ್ಟಿಗೂ ಹೆಚ್ಚು ನಿವ್ವಳ ಲಾಭ ಬಂತು. ಕಾರ್ಮಿಕರ ಸಂಬಳ ಏರಿದ್ದು ಶೇ. 0.5 ಮಾತ್ರ. ಕೌಶಲಾಭಿವೃದ್ಧಿ ಯೋಜನೆಗಳನ್ನು ಹೊಗಳುವವರು ಮೊದಲ ಭಾಗವನ್ನು ಹೇಳಿ ನಿಲ್ಲಿಸುತ್ತಾರೆ. ಉತ್ಪಾದಕತೆ ಮತ್ತು ಸಂಬಳದ ನಡುವಿನ ಈ ಕಂದಕವೂ ಅದೇ ಪ್ರಯೋಗದ ಫಲಿತಾಂಶ. ಅಂಥ ತರಬೇತಿಗೆ ಸರ್ಕಾರ ದುಡ್ಡು ಕೊಡಬೇಕೋ ಕಂಪನಿಯೇ ಕೊಡಬೇಕೋ ಎಂಬ ಪ್ರಶ್ನೆಗೆ ಅದು ನೇರ ಸಂಬಂಧಪಟ್ಟದ್ದು.

ಇಂಥ ಪ್ರಯೋಗಗಳಿಗೂ ಮಿತಿಯಿದೆ. ದಿನದ ಉತ್ಪಾದನೆಯನ್ನು ಸಾಲು ಸಾಲಾಗಿ ಬರೆದಿಡುವ ದೊಡ್ಡ ರಫ್ತು ಕಂಪನಿಯಲ್ಲಷ್ಟೇ ಅವು ಸುಲಭ. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬಯಿ ಸಮೀಪದ ಜವಳಿ ಗಿರಣಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿರ್ವಹಣೆಯ ಸಲಹೆಯಿಂದ ಮೊದಲ ವರ್ಷವೇ ಉತ್ಪಾದಕತೆ ಶೇ. 17 ಏರಿತು, ಆದರೆ ಅದರಲ್ಲಿದ್ದದ್ದು 17 ಕಂಪನಿಗಳ 28 ಘಟಕಗಳು, ಸಲಹೆ ಕೊಟ್ಟದ್ದು ದುಬಾರಿ ಅಂತರರಾಷ್ಟ್ರೀಯ ಸಲಹಾ ಸಂಸ್ಥೆ. 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಸುಮಾರು 6.34 ಕೋಟಿ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪೈಕಿ 6.3 ಕೋಟಿಗೂ ಹೆಚ್ಚು ಕಿರು ಉದ್ಯಮಗಳೇ. ಅವುಗಳಿಗೆ ಅದೇ ಸಲಹೆಯನ್ನು ಅದೇ ಬೆಲೆಗೆ ಕೊಡಲಾಗದು.

ನಾವೀನ್ಯ ನೀತಿ ಉತ್ತೇಜನವಷ್ಟೇ ಅಲ್ಲ, ತಡೆಯೂ ಹೌದು. ಪುರಾವೆಯ ಕೆಲಸ ಇಲ್ಲಿ ಹೆಚ್ಚು ನಿಷ್ಠುರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ 88 ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲದ ಸ್ಥಿತಿಯನ್ನು ಸೇರಿಸಿ ಅಂಕ ಕೊಟ್ಟಿತು. 70 ದಾಟಿದವು ಅತಿ ಗಂಭೀರ ಮಾಲಿನ್ಯದ ಪ್ರದೇಶಗಳು. ಅಲ್ಲಿ ಹೊಸ ಯೋಜನೆಗಳಿಗೆ 2010ರಲ್ಲಿ ತಾತ್ಕಾಲಿಕ ತಡೆ ಬಿತ್ತು. 65.11 ಅಂಕ ಪಡೆದ ಪೀಣ್ಯ ಆ ಗೆರೆಯ ಕೆಳಗೆ ಉಳಿದುಕೊಂಡಿತು. 2018ರ ಮರುಮೌಲ್ಯಮಾಪನದಲ್ಲಿ ಅದು 70 ದಾಟಿತು. ನಡುವೆ 2016ರಲ್ಲಿ ಅಂಕ ಕೊಡುವ ವಿಧಾನವೇ ಪರಿಷ್ಕೃತವಾಗಿತ್ತು. ಆದ್ದರಿಂದ ಎರಡು ಅಂಕಗಳ ವ್ಯತ್ಯಾಸವನ್ನೆಲ್ಲ ಹೆಚ್ಚಿದ ಮಾಲಿನ್ಯ ಎಂದು ಓದುವುದು ಸರಿಯಾಗದು. ಹಾಗೆಂದು ಕೊಳವೆಬಾವಿಯ ನೀರಿಗೆ ಸೇರಿದ ಕ್ರೋಮಿಯಂ, ಅಂಕ ಕೊಡುವ ವಿಧಾನ ಬದಲಾದರೆ ಹೋಗುವುದಿಲ್ಲ.

ಪ್ಲೇಟಿಂಗ್ ಶೆಡ್‌ಗಳಲ್ಲಿ ಸತು ಲೇಪಿಸಿದ ಬೋಲ್ಟು, ಬ್ರಾಕೆಟ್ಟುಗಳಿಗೆ ಹಳದಿ ಹೊಳಪು ಕೊಡುತ್ತಿದ್ದ ದ್ರಾವಣದಲ್ಲಿ ಇದ್ದದ್ದು ಕ್ಯಾನ್ಸರ್‌ಕಾರಕವೆಂದು ಸಾಬೀತಾದ ಆರು ವೇಲೆನ್ಸಿಯ ಕ್ರೋಮಿಯಂ. ಅದರ ಬದಲು ಮೂರು ವೇಲೆನ್ಸಿಯ ಕ್ರೋಮಿಯಂ ಬಳಸಬಹುದು. ಆದರೆ ದ್ರಾವಣದ ಆಮ್ಲೀಯತೆ, ಉಷ್ಣತೆ, ಅದ್ದುವ ಅವಧಿ ಎಲ್ಲವನ್ನೂ ಬಿಗಿಯಾಗಿ ಕಾಯಬೇಕು. ಅಂದಾಜಿನ ಮೇಲೆ ನಡೆಯುತ್ತಿದ್ದ ಶೆಡ್ಡಿಗೆ ಪಿಎಚ್ ಮೀಟರ್ ಬರಬೇಕು, ಅದನ್ನು ಓದಬಲ್ಲವರೂ ಬರಬೇಕು. ಈ ಬದಲಾವಣೆಗೆ ದೊಡ್ಡ ತಳ್ಳು ಕೊಟ್ಟದ್ದು 2006, 2007ರಲ್ಲಿ ಜಾರಿಗೆ ಬಂದ ಯುರೋಪಿನ ನಿರ್ಬಂಧಗಳು. ಎಲೆಕ್ಟ್ರಾನಿಕ್ಸ್ ಮತ್ತು ವಾಹನ ಕಂಪನಿಗಳು ಅವನ್ನು ಬಿಡಿಭಾಗ ಪೂರೈಸುವವರ ಮೇಲೆ ಹೇರಿದವು. ಅಂಥದೇ ಮಿತಿ ಹಾಕಿದ ಭಾರತದ ಇ–ತ್ಯಾಜ್ಯ ನಿಯಮಗಳು ಬಂದದ್ದು 2011ರಲ್ಲಿ. ವಿಷವಿಜ್ಞಾನದ ಪುರಾವೆ ಎರಡೂ ಕಡೆ ಒಂದೇ. ಅದು ಖರೀದಿ ಆದೇಶದ ಷರತ್ತಾಗಿ ಬಂದಾಗ ಶೆಡ್ಡಿನ ಕೆಲಸದ ರೀತಿ ಬದಲಾಯಿತು. ರಫ್ತಿನ ಸರಪಳಿಯ ಹೊರಗೆ ಸ್ಥಳೀಯ ಮಾರುಕಟ್ಟೆಗೆ ದುಡಿಯುವ ಶೆಡ್‌ಗೆ ಆ ಒತ್ತಡ ತಟ್ಟುವುದಿಲ್ಲ. ದೇಶೀಯ ನಿಯಮದ ಅಗತ್ಯ ಇರುವುದು ನಿಖರವಾಗಿ ಅಲ್ಲಿ.

ಪುರಾವೆ ತಾನಾಗಿ ಕಡತದೊಳಗೆ ನಡೆದು ಹೋಗುವುದಿಲ್ಲ, ಅದನ್ನು ಒಯ್ಯುವ ಸಂಸ್ಥೆ ಬೇಕು. ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವಿದೆ. ದೇಶದ ಮೊದಲ ರಾಜ್ಯಮಟ್ಟದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಇಲ್ಲಿ ಹುಟ್ಟಿತು. ಅದರ ಕಚೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇದೆ. ಅದಕ್ಕೆ ಒಂದು ವರ್ಷ ಮುಂಚೆ, 1974ರಲ್ಲಿ, ಅಮೂಲ್ಯ ಕೆ.ಎನ್. ರೆಡ್ಡಿ ಅದೇ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಘಟಕವನ್ನು ಆರಂಭಿಸಿದ್ದರು. ರಾಜ್ಯಕ್ಕೆ 2000ನೇ ಇಸವಿಯ ಹೊತ್ತಿಗೆ ಬೇಕಾಗುವ ವಿದ್ಯುತ್ತನ್ನು ಅಧಿಕೃತ ಸಮಿತಿಯೊಂದು 1987ರಲ್ಲಿ ಅಂದಾಜು ಮಾಡಿದಾಗ, ರೆಡ್ಡಿ ಮತ್ತು ಸಂಗಡಿಗರು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿದರು. ಎಷ್ಟು ಯೂನಿಟ್ ಬೇಕು ಎನ್ನುವ ಬದಲು ಎಷ್ಟು ಬೆಳಕು, ಎಷ್ಟು ಬಿಸಿನೀರು, ಎಷ್ಟು ನೀರೆತ್ತುವ ಶಕ್ತಿ ಬೇಕು, ಅದನ್ನು ಅತಿ ಕಡಿಮೆ ವೆಚ್ಚದಲ್ಲಿ ಒದಗಿಸುವುದು ಹೇಗೆ ಎಂದು ಕೇಳಿದರು. 1991ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಸಮಿತಿ ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ ಉತ್ಪಾದನಾ ಸಾಮರ್ಥ್ಯ ಸಾಕಿತ್ತು. ಅವರ ಪಟ್ಟಿಯಲ್ಲಿದ್ದ ಉಪಾಯಗಳಲ್ಲಿ ಸೋಲಾರ್ ವಾಟರ್ ಹೀಟರ್ ಒಂದು. 2007ರಲ್ಲಿ ಕರ್ನಾಟಕ ಸರ್ಕಾರ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು, ಬೆಸ್ಕಾಂ ಬಿಲ್ಲಿನಲ್ಲಿ ರಿಯಾಯಿತಿ ಬಂತು. ಸಂಶೋಧನಾ ಪ್ರಬಂಧಕ್ಕೂ ಆದೇಶಕ್ಕೂ ನಡುವೆ ಒಂದೂವರೆ ದಶಕ. ಆ ಆದೇಶದಿಂದ ಬೆಳೆದ ಮಾರುಕಟ್ಟೆಯಲ್ಲಿ ಪಾಲು ಪಡೆದವರಲ್ಲಿ ಪೀಣ್ಯದ ತಯಾರಕರೂ ಇದ್ದಾರೆ. ಬೇಡಿಕೆಯನ್ನು ಸೃಷ್ಟಿಸುವುದೂ ನಾವೀನ್ಯ ನೀತಿ ಎಂದು ಒಪ್ಪಿದರೆ, ಈ ಆದೇಶ ಅನೇಕ ಸಹಾಯಧನಗಳಿಗಿಂತ ಹೆಚ್ಚು ಕೆಲಸ ಮಾಡಿದೆ.

ಮಳೆನೀರು ಸಂಗ್ರಹದ್ದೂ ಹೆಚ್ಚುಕಡಿಮೆ ಇದೇ ದಾರಿ. ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಪ್ರಯೋಗಗಳು ಮೊದಲು, 2009ರಲ್ಲಿ ಬೆಂಗಳೂರು ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಆಮೇಲೆ. ಕೊಳವೆಬಾವಿ ಮತ್ತು ಟ್ಯಾಂಕರನ್ನೇ ಬಹುಕಾಲ ನಂಬಿದ್ದ ವೈಟ್‌ಫೀಲ್ಡಿನಂಥ ಕಡೆ ಅದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಇತ್ತೀಚಿನ ನೀತಿಗಳಿಗೆ ಬಂದರೆ, ರಾಜ್ಯ 2021ರಲ್ಲಿ ಎಂಜಿನಿಯರಿಂಗ್ ಸಂಶೋಧನೆ ಮತ್ತು ಅಭಿವೃದ್ಧಿ ನೀತಿಯನ್ನೂ, 2024ರಲ್ಲಿ ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆಯುವ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿಯನ್ನೂ ತಂದಿತು. ಎರಡನೆಯದರ ಗುರಿ 2029ರೊಳಗೆ 500 ಹೊಸ ಕೇಂದ್ರಗಳು. ಗುರಿ ತಲುಪಿತೇ ಎಂದು ಎಣಿಸುವುದು ಸುಲಭ. ಪ್ರೋತ್ಸಾಹಧನ ಇಲ್ಲದಿದ್ದರೂ ಅವುಗಳಲ್ಲಿ ಎಷ್ಟು ಕೇಂದ್ರಗಳು ಬರುತ್ತಿದ್ದವು ಎಂಬುದನ್ನು ಎಣಿಕೆ ಹೇಳುವುದಿಲ್ಲ. ಬೆಂಗಳೂರಿನ ಆಚೆಗೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ನೀಡುವ ಹೆಚ್ಚುವರಿ ಸೌಲಭ್ಯಗಳನ್ನು ಒಂದೊಂದೇ ಊರಿಗೆ, ಬೇರೆ ಬೇರೆ ವರ್ಷ ಜಾರಿಗೆ ತಂದರೆ, ಎಲ್‌ಇಡಿ ಅಧ್ಯಯನದಲ್ಲಿ ಆದಂತೆ, ಪಡೆದ ಊರಿಗೂ ಇನ್ನೂ ಪಡೆಯದ ಊರಿಗೂ ಇರುವ ವ್ಯತ್ಯಾಸ ತಾನಾಗಿ ದಾಖಲಾಗುತ್ತದೆ. ಯಾರಿಗೂ ಶಾಶ್ವತವಾಗಿ ತಪ್ಪುವುದಿಲ್ಲ; ಸರದಿ ಮಾತ್ರ ಹಿಂದೆ ಮುಂದೆ. ರಾಜಕೀಯವಾಗಿ ಇದು ಸುಲಭವಲ್ಲ, ಯಾವ ಶಾಸಕರೂ ಎರಡನೇ ಸರದಿಯನ್ನು ಬಯಸುವುದಿಲ್ಲ. ಆದರೆ ಅನುದಾನ ಸಾಲದೆ ಯೋಜನೆಗಳು ಹೇಗೂ ಹಂತಹಂತವಾಗಿಯೇ ಜಾರಿಯಾಗುತ್ತವೆ. ಹಂತಗಳ ಸರದಿಯನ್ನು ಮೊದಲೇ ಬರೆದಿಟ್ಟು ಅದರಂತೆ ಅಳೆಯುವುದಷ್ಟೇ ಹೆಚ್ಚಿನ ಕೆಲಸ.

ಪೀಣ್ಯದ ಮಟ್ಟಿಗೆ ಮೊದಲ ಅಗತ್ಯ ಇನ್ನೂ ಪ್ರಾಥಮಿಕವಾದದ್ದು. ವಾರ್ಷಿಕ ಕೈಗಾರಿಕಾ ಸಮೀಕ್ಷೆ ವಿದ್ಯುತ್ ಬಳಸುವ ಘಟಕಗಳಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವವನ್ನು ಮಾತ್ರ ನೋಡುತ್ತದೆ. 2020ರ ಜುಲೈಯಿಂದ ಆರಂಭವಾದ ಉದ್ಯಮ್ ನೋಂದಣಿಯಲ್ಲಿ ಹೂಡಿಕೆ, ವಹಿವಾಟಿನ ವಿವರವಿದೆ, ಹೊಸದೇನು ಮಾಡಿದಿರಿ ಎಂಬ ಪ್ರಶ್ನೆಯಿಲ್ಲ. ಸಣ್ಣ ಶೆಡ್‌ಗಳ ಮಾದರಿ ಸಮೀಕ್ಷೆಗೆ ಬೇಕಾದ ಪಟ್ಟಿ ಬೆಸ್ಕಾಂ ಬಳಿ ಇದೆ: ಸಣ್ಣ ಕೈಗಾರಿಕೆಗಳ ಎಲ್‌ಟಿ–5 ಸಂಪರ್ಕಗಳು. ಅಂಕಿಅಂಶ ಸಂಗ್ರಹ ಕಾಯ್ದೆ, 2008ರ ಅಡಿಯಲ್ಲಿ ಉದ್ಯಮಗಳಿಂದ ಮಾಹಿತಿ ಪಡೆದು, ಹೆಸರು ಹೊರಬಾರದಂತೆ ಬಳಸಲು ಅವಕಾಶವಿದೆ. ಒಂದು ತೊಂದರೆ ಉಳಿಯುತ್ತದೆ. ಪೀಣ್ಯದಲ್ಲಿ ಒಂದೇ ಮೀಟರಿನ ಕೆಳಗೆ ಎರಡು ಮೂರು ಬಾಡಿಗೆದಾರರು ಶೆಡ್ಡನ್ನು ಹಂಚಿಕೊಂಡಿರುವುದುಂಟು, ಬಿಲ್ಲು ಮಾಲೀಕರ ಹೆಸರಿಗೆ ಬರುತ್ತದೆ. ಆದ್ದರಿಂದ ಮಾದರಿ ಆರಿಸುವ ಮುನ್ನ ಬೀದಿ ಬೀದಿ ಸುತ್ತಿ ಬಾಗಿಲು ಲೆಕ್ಕ ಹಾಕಬೇಕು. ಆಮೇಲೆ ಕೇಳಬೇಕಾದ ಪ್ರಶ್ನೆಗಳಲ್ಲಿ ಕಳೆದ ವರ್ಷ ಮಾಡಿದ ಫಿಕ್ಸ್ಚರ್‌ಗಳು, ಕೈಬಿಟ್ಟ ಸೆಟ್ಟಿಂಗ್‌ಗಳು, ಆ ಬಳಿಕ ಗ್ರಾಹಕರು ಇಳಿಸಿದ ದರ, ಬಾಕಿ ಬಿಲ್ಲಿನ ತಿಂಗಳುಗಳು ಸೇರಿರಬೇಕು.